ಇನ್ನೂರ ಎಂಬತ್ತೆಂಟು ಪೊಟ್ಟಣಗಳು

ಕಳೆದ ಭಾನುವಾರ ಬೆಳಿಗ್ಗೆ ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನ ಮಾಮಕ್ ಅಂಗಡಿಯೊಂದರಲ್ಲಿ ಮಗಳ ಜೊತೆ ತಿಂಡಿಗೆ ಕೂತಿದ್ದೆ. ಪಕ್ಕದ ಮೇಜಿನವರು ನಾಸಿ ಲೆಮಾಕ್ ಪೊಟ್ಟಣ ಬಿಚ್ಚಿದರು. ಬಿಸಿ ಅನ್ನಕ್ಕೆ ಬಾಡಿದ ಬಾಳೆಲೆಯ ವಾಸನೆ, ಅದರ ಹಿಂದೆಯೇ ತೆಂಗಿನ ಹಾಲಿನದು. ಗೋಡೆಯ ಟೀವಿಯಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್ ನಡೆಯುತ್ತಿತ್ತು. ಅಲ್ಲಿಯ ಶನಿವಾರ ರಾತ್ರಿ ಇಲ್ಲಿ ನಮಗೆ ಭಾನುವಾರದ ಬೆಳಗು. ಆಡುತ್ತಿದ್ದ ಎರಡು ಕಾಲೇಜುಗಳ ನಡುವೆ ಇಡೀ ಒಂದು ಖಂಡದಷ್ಟು ದೂರವಂತೆ. ಆದರೂ ಎರಡೂ ಒಂದೇ ಕೂಟದವು, ವರ್ಷವರ್ಷವೂ ತಮ್ಮತಮ್ಮಲ್ಲೇ ಪಂದ್ಯ ಆಡುವ ಗುಂಪಿನವು.

"ಅಷ್ಟು ದೂರದವರನ್ನ ಯಾಕೆ ಸೇರಿಸ್ಕೊಂಡ್ರು?" ಎಂದೆ.

"ಫಾರ್ ದ ಟೀವಿ ಲಾ, ಅಪ್ಪಾ. ಬಿಗ್ ಸಿಟಿ, ಮೋರ್ ಪೀಪಲ್ ವಾಚಿಂಗ್."

"ನೋಡ್ತಾರೆ ಅಂತ ಎಣಿಸಿದವರು ಯಾರು?"

"ಅಪ್ಪಾ, ಜಸ್ಟ್ ಈಟ್."

ಅವಳು ನಕ್ಕಳು. ನೀವೂ ನಗಬಹುದು. ಆದರೆ ಆ ಪ್ರಶ್ನೆ ಕೇಳುವುದಕ್ಕೆ ನನಗಿಂತ ಕಡಿಮೆ ಯೋಗ್ಯತೆಯವನು ಈ ದೇಶದಲ್ಲೇ ಸಿಗಲಾರ.

ಮೆಲಾಕಾದ ವೈದ್ಯಕೀಯ ಕಾಲೇಜೊಂದರಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಕಾಲ. ಎಲ್ಲವನ್ನೂ ಅನುಮಾನಿಸಿ ಎಂದು ಹುಡುಗರಿಗೆ ಹೇಳುವುದೇ ನನ್ನ ಉದ್ಯೋಗವಾಗಿತ್ತು. ಅಂಗರಚನೆ ಕಲಿಸುತ್ತಿದ್ದ ಉಡುಪಿಯ ಡಾಕ್ಟರ್ ಭಟ್ಟರು ಫುಟ್‌ಬಾಲ್ ತಂಡವನ್ನು ನೋಡಿಕೊಳ್ಳುತ್ತಿದ್ದರು. ಐದು ಸಣ್ಣ ಊರುಗಳ ಕಾಲೇಜುಗಳು ಸೇರಿ ಒಂದು ಕೂಟ ಮಾಡಿಕೊಂಡಿದ್ದವು. ನಾನು ಅದರ ಕಾರ್ಯದರ್ಶಿ. ಫುಟ್‌ಬಾಲ್ ಗೊತ್ತಿತ್ತೆಂದಲ್ಲ, ಅಕ್ಷರ ಚೆನ್ನಾಗಿತ್ತು.

ಭಟ್ಟರ ಪಾಲಿಗೆ ವರ್ಷವೆಂದರೆ ಮುವಾರ್ ಪಂದ್ಯ. ಮುವಾರ್ ಒಂದು ಗಂಟೆಯ ದಾರಿ. ಅಲ್ಲಿಯವರು ಬಸ್ಸಿನಲ್ಲಿ ಬರುತ್ತಿದ್ದರು. ಬಂದವರಿಗೆಲ್ಲ, ಆಟಗಾರರಿಗೂ ನೋಡುವವರಿಗೂ, ಆತಿಥೇಯ ಕಾಲೇಜು ನಾಸಿ ಲೆಮಾಕ್ ಪೊಟ್ಟಣ ಕೊಡಬೇಕು, ಅದು ಕೂಟದ ಪದ್ಧತಿ. ಆಟ ಮುಗಿದ ಮೇಲೆ ಗೆದ್ದವರೂ ಸೋತವರೂ ಒಂದೇ ಹುಲ್ಲಿನ ಮೇಲೆ ಕೂತು ತಿನ್ನುತ್ತಿದ್ದರು. ಹೀಗಾಗಿ ಜನ ಎಷ್ಟು ಬಂದಿದ್ದರೆಂದು ತಲೆ ಎಣಿಸುವ ಗೋಜು ನಮಗಿರಲಿಲ್ಲ. ಉಳಿದ ಪೊಟ್ಟಣ ಕಳೆದರೆ ಸಾಕು.

ಆಗ ಯಾರಿಗೋ ಕೌಲಾಲಂಪುರದ ಯೋಚನೆ ಬಂತು. ಅಲ್ಲಿಯ ಒಂದು ಕಾಲೇಜನ್ನು ಸೇರಿಸಿಕೊಳ್ಳೋಣ, ನಮ್ಮ ಪಂದ್ಯಗಳನ್ನೂ ಅಲ್ಲೇ ಆಡೋಣ, ನಗರದ ಜನ ನೋಡಲಿ. ಮೊದಲು ಒಂದು ಪಂದ್ಯ ಆಡಿ ನೋಡುವುದೆಂದಾಯಿತು. ಜನರನ್ನು ಎಣಿಸಲು ನನ್ನನ್ನು ಕಳಿಸಿದರು. ಮುನ್ನೂರು ಪೊಟ್ಟಣ ಒಯ್ದೆ, ಹನ್ನೆರಡು ಉಳಿದವು. ವರದಿಯಲ್ಲಿ ಬರೆದೆ: ಬಂದ ಜನ ಇನ್ನೂರ ಎಂಬತ್ತೆಂಟು. ಮೆಲಾಕಾದಲ್ಲಿ ಎಂದೂ ನೂರು ದಾಟಿರಲಿಲ್ಲ.

ಕೂಟ ನಗರಕ್ಕೆ ಹೋಯಿತು. ಮುಂದಿನ ವರ್ಷ ಅದೇ ಮೈದಾನದಲ್ಲಿ ನಿಂತಾಗ ನನ್ನ ಇನ್ನೂರ ಎಂಬತ್ತೆಂಟರ ಗುಟ್ಟು ನನಗೆ ಅರ್ಥವಾಯಿತು. ರೈಲು ನಿಲ್ದಾಣಕ್ಕೆ ಹೋಗುವ ಅಡ್ಡದಾರಿ ನಮ್ಮ ಪೊಟ್ಟಣದ ಮೇಜಿನ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಜನ ಬಂದರು, ನಕ್ಕರು, ಒಂದೊಂದು ಪೊಟ್ಟಣ ಕೈಯಲ್ಲಿ ಹಿಡಿದು, ಇಲ್ಲಿಯವರ ಮಾತಿನಲ್ಲಿ ತಪಾವ್ ಮಾಡಿಕೊಂಡು, ರೈಲಿಗೆ ನಡೆದರು. ಬೆಂಚುಗಳು ಖಾಲಿ ಇದ್ದವು. ದೂರ ಹೆಚ್ಚಾಯಿತೆಂದು ಮುವಾರಿನವರು ಕೂಟ ಬಿಟ್ಟರು, ಭಟ್ಟರು ತಂಡ ಬಿಟ್ಟರು.

ನನ್ನ ನೆನಪಿನಲ್ಲಿ ಆ ನಿರ್ಧಾರದ ಸಭೆ ಸ್ಪಷ್ಟವಾಗಿದೆ. ಒಂದೇ ಪಂದ್ಯ ನಂಬಿ ಹೋಗಬೇಡಿ ಎಂದು ನಾನು ಎದ್ದು ನಿಂತು ಹೇಳಿದೆ. ಭಟ್ಟರೂ ನಾನೂ ವಿರೋಧಿಸಿದೆವು, ಸೋತೆವು. ಆದರೆ ನೆನಪು ಇಷ್ಟು ನೀಟಾಗಿದ್ದರೆ ನನಗೆ ಅನುಮಾನ. ನನ್ನನ್ನು ಇಷ್ಟು ಚೆನ್ನಾಗಿ ತೋರಿಸುವ ಚಿತ್ರ ಯಾರು ತೆಗೆದದ್ದು?

ಆ ಭಾನುವಾರ ತಿಂಡಿ ಮುಗಿಸಿ ಮನೆಗೆ ಬಂದವನೇ ಮೆಲಾಕಾದ ಭಟ್ಟರಿಗೆ ಫೋನ್ ಮಾಡಿದೆ.

"ಡಾಕ್ಟ್ರೇ, ಕೂಟ ಕೆಎಲ್‌ಗೆ ಹೋಗೋದು ಬೇಡ ಅಂತ ಆವತ್ತು ನಾವಿಬ್ಬರೂ ಹೇಳಿದ್ವಿ, ಅಲ್ವಾ?"

"ಎಂತ ಹೇಳ್ತೀರಿ ಮಾರಾಯ್ರೆ! ಮೊದಲು ಕೈ ಎತ್ತಿದ್ದೇ ನಾನು. ಆಮೇಲೆ ನೀವು."

"ನೀವಾ? ಮುವಾರ್ ಪಂದ್ಯ ಬಿಟ್ಟು?"

"ಲೆಕ್ಕದ ಮೇಷ್ಟ್ರು ಬರೆದು ಕೊಟ್ಟಿದ್ದಾರಲ್ಲ. ನಮ್ಮ ಹುಡುಗರ ಆಟ ಅಷ್ಟು ಜನ ನೋಡ್ತಾರೆ ಅಂದ್ರೆ, ನನ್ನ ಒಂದು ಪಂದ್ಯ ಹಿಡ್ಕೊಂಡು ಕೂತ್ಕೊಳ್ಳೋದಾ?"

"ಆ ಮೊದಲ ಪಂದ್ಯಕ್ಕೆ ನೀವೂ ಅಲ್ಲೇ ಇದ್ರಲ್ಲ. ಬೆಂಚು ಖಾಲಿ ಇದ್ದದ್ದು ಕಾಣಲಿಲ್ವಾ?"

"ನನ್ನ ಕಣ್ಣು ಹುಡುಗರ ಕಾಲಿನ ಮೇಲೆ ಇತ್ತು. ಜನರನ್ನು ನೋಡ್ಲಿಕ್ಕೆ ನೀವು ಇದ್ರಲ್ಲ."

ಗದರಿದ್ದರೆ ಸುಲಭವಾಗುತ್ತಿತ್ತು. ಅವರ ದನಿಯಲ್ಲಿ ಇಂದಿಗೂ ಆ ನಂಬಿಕೆ ಹಾಗೇ ಇತ್ತು.

"ಡಾಕ್ಟ್ರೇ, ನಾನು ನೋಡಲೇ ಇಲ್ಲ. ಬಿಸಿಲು ಅಂತ ಛತ್ರಿ ಕೆಳಗೆ ಪೇಪರ್ ಓದ್ತಾ ಕೂತಿದ್ದೆ. ಕೊನೇಲಿ ಎದ್ದು ಪೊಟ್ಟಣ ಎಣಿಸಿದೆ, ಅಷ್ಟೇ."

ಆ ಕಡೆ ಭಟ್ಟರು ಟೀವಿಯ ಸದ್ದು ತಗ್ಗಿಸಿದರು.

"ಹಾಗಾದ್ರೆ," ಎಂದರು, "ಗೆದ್ದದ್ದು ಯಾರು ಅಂತಲಾದ್ರೂ ಗೊತ್ತುಂಟಾ ನಿಮಗೆ?"

ಗೊತ್ತಿರಲಿಲ್ಲ.

"ನಾವು ಮಾರಾಯ್ರೆ! ಕೊನೆಯ ಗೋಲು ಅಂದ್ರೆ... ನಮ್ಮ ಎಡಗಡೆಯ ಹುಡುಗ, ಸಪೂರ ಇದ್ದ, ಚೆಂಡು ತಕೊಂಡು ಗೆರೆಗುಂಟ ಓಡಿದ ನೋಡಿ..."

ಭಟ್ಟರು ಆ ಹುಡುಗನನ್ನು ಮೈದಾನದ ಉದ್ದಕ್ಕೂ ಓಡಿಸಿದರು. ನಾನು ಕುರ್ಚಿಯ ತುದಿಗೆ ಸರಿದು ಕೂತೆ. ಅದು ನಿಜವಾಗಿಯೂ ಹಾಗೆಯೇ ನಡೆದಿತ್ತೇ ಎಂದು ಕೇಳಲಿಲ್ಲ.