ಐದು ಬಡಿತ, ಒಂದು ಚಪ್ಪಾಳೆ

ಇಂಥ ಅನುಭವಗಳನ್ನು ಯಾರಾದರೂ ಹೇಳಿದಾಗ ನಾನು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಅದನ್ನು ಬರೆದಿಟ್ಟದ್ದು ಯಾವಾಗ? ನಡೆದ ದಿನವೇ ಬರೆದಿಡದ ಯಾವ ವಿಚಿತ್ರವನ್ನೂ ನಾನು ನಂಬುತ್ತಿರಲಿಲ್ಲ. ಹದಿನೆಂಟು ವರ್ಷಗಳಿಂದ ದಿನಚರಿ ಬರೆಯುತ್ತಿದ್ದೇನೆ. ಹಳೆಯ ಪುಟ ತೆರೆದಾಗಲೆಲ್ಲ, ನಾನು ಖಚಿತವೆಂದುಕೊಂಡಿದ್ದ ಒಂದಲ್ಲ ಒಂದು ಸಂಗತಿ ತಪ್ಪೆಂದು ತಿಳಿಯುತ್ತದೆ. ಅಜ್ಜ ತೀರಿಕೊಂಡ ದಿನ ಮಳೆ ಸುರಿಯುತ್ತಿತ್ತೆಂದು ಎಷ್ಟೋ ಜನರಿಗೆ ಹೇಳಿದ್ದೆ. ದಿನಚರಿಯಲ್ಲಿ ‘ಸುಡುಬಿಸಿಲು, ಚಪ್ಪಲಿ ಇಲ್ಲದೆ ನಿಲ್ಲಲಾಗಲಿಲ್ಲ’ ಎಂದಿದೆ. ಹಾಗಾಗಿ ಇದನ್ನು ಬರೆಯುವಾಗ ಆ ದಿನದ ಪುಟವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡಿದ್ದೇನೆ. ಪುಟಕ್ಕೂ ನೆನಪಿಗೂ ಹೊಂದದ ಕಡೆ ಹಾಗೆಂದು ಹೇಳುತ್ತೇನೆ.

ಆಗ ನಾನು ನಾಸಿಕದ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಆರು ವರ್ಷ ತಾತ್ಕಾಲಿಕವಾಗಿ ದುಡಿದು, ಕಾಯಂ ಆಗಿ ಒಂದು ವರ್ಷವಾಗಿತ್ತಷ್ಟೇ. ಅಷ್ಟರಲ್ಲಿ ಥಾಯ್ಲೆಂಡಿನ ಉತ್ತರ ಭಾಗದ ಸಣ್ಣ ಊರೊಂದರ ಖಾಸಗಿ ಶಾಲೆಯಿಂದ ಕರೆ ಬಂತು. ಎರಡು ವರ್ಷದ ಕರಾರು. ಒಪ್ಪಿಗೆಯೋ ಇಲ್ಲವೋ ಒಂದು ವಾರದಲ್ಲಿ ತಿಳಿಸಬೇಕು. ಅದಕ್ಕೆ ಮೊದಲು ವಿಡಿಯೋ ಮೂಲಕ ಒಂದು ಮಾದರಿ ಪಾಠ ಮಾಡಬೇಕು. ಇಲ್ಲಿ ರಾಜೀನಾಮೆ ಕೊಟ್ಟರೆ ತಿರುಗಿ ಬಂದಾಗ ಈ ಕೆಲಸ ಇರುವುದಿಲ್ಲವೆಂದು ಮುಖ್ಯೋಪಾಧ್ಯಾಯಿನಿ ಸ್ಪಷ್ಟವಾಗಿ ಹೇಳಿದ್ದರು. ದಿನಚರಿಯಲ್ಲಿ ಪ್ರಶ್ನೆಗಳ ಪಟ್ಟಿ ಮಾಡಿದ್ದೆ. ಕೆಲಸದ ಪರವಾನಗಿ ಹೊರಡುವ ಮೊದಲೇ ಕೊಡುತ್ತಾರೆಯೇ? ಪಾಸ್‌ಪೋರ್ಟ್ ಯಾರ ಕೈಯಲ್ಲಿರುತ್ತದೆ? ವಾರಕ್ಕೆ ಎಷ್ಟು ಪೀರಿಯಡ್? ಪಟ್ಟಿಯ ಕೊನೆಯಲ್ಲಿ ಬೇರೆ ಶಾಯಿಯಲ್ಲಿ ಇನ್ನೊಂದು ಸಾಲಿದೆ: ‘ನನ್ನ ಇಂಗ್ಲಿಷ್ ಅಷ್ಟು ದೂರ ಹೋಗುವಷ್ಟು ಗಟ್ಟಿಯೇ?’

ಆ ಸಾಲಿಗೆ ಕಾರಣ ಹೇಳಬೇಕು. ನನ್ನ ಇಂಗ್ಲಿಷ್ ಶುರುವಾದದ್ದು ಅಡುಗೆಮನೆಯಲ್ಲಿ. ಅಪ್ಪನ ಕೇಂದ್ರ ಸರ್ಕಾರದ ನೌಕರಿಯಿಂದಾಗಿ ನಾವು ವಿಜಯಪುರದ ಕಡೆಯಿಂದ ನಾಸಿಕಕ್ಕೆ ಬಂದವರು. ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗಷ್ಟೇ ಓದಿದ್ದ ಅವ್ವ ನನ್ನ ಪುಸ್ತಕಗಳನ್ನು ನೋಡಿ ತಾನೇ ಇಂಗ್ಲಿಷ್ ಅಕ್ಷರ ಕಲಿತಳು. ಜೋಳದ ರೊಟ್ಟಿ ಬಡಿಯುತ್ತ ನನ್ನಿಂದ ಓದಿಸುತ್ತಿದ್ದಳು. ದೊಡ್ಡ ಶಬ್ದ ಬಂದು ನಾನು ತಡವರಿಸಿದರೆ ಅದನ್ನು ತುಂಡು ಮಾಡಿ, ತುಂಡಿಗೊಂದು ಬಡಿತದಂತೆ ರೊಟ್ಟಿಯ ಮೇಲೆ ಹೇಳಿಸುತ್ತಿದ್ದಳು. ಬಲಗೈ ಬಡಿಯುತ್ತಿದ್ದಂತೆ ಎಡಗೈ ರೊಟ್ಟಿಯ ಅಂಚನ್ನು ಹಿಡಿದು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿತ್ತು. ಶಬ್ದ ಮುಗಿದ ಮೇಲೆ ಒಂದು ಕ್ಷಣ ಸುಮ್ಮನಿದ್ದು, ಎರಡೂ ಅಂಗೈ ತಟ್ಟಿ ಹಿಟ್ಟು ಕೊಡವುತ್ತಿದ್ದಳು. ಆ ಒಂದು ಚಪ್ಪಾಳೆಯೇ ನನಗೆ ಶಹಬ್ಬಾಸ್. ಬಿ.ಎಡ್. ಮಾಡಿದ ಮೇಲೆ ಈ ಪದ್ಧತಿಯ ಬಗ್ಗೆ ನಾಚಿಕೆಯಾಗಿ ಯಾರಿಗೂ ಹೇಳಿರಲಿಲ್ಲ, ತರಗತಿಯಲ್ಲಿ ಒಮ್ಮೆಯೂ ಬಳಸಿರಲಿಲ್ಲ. ಅವ್ವ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು.

ಪದವಿ ಪ್ರಮಾಣಪತ್ರ ದೃಢೀಕರಿಸಿಕೊಳ್ಳಲು ಛತ್ರಪತಿ ಸಂಭಾಜಿನಗರಕ್ಕೆ ಹೋಗಬೇಕಾಯಿತು. ನಾನು ಓದಿದ ವಿಶ್ವವಿದ್ಯಾಲಯ ಇರುವುದು ಅಲ್ಲೇ. ಅವ್ವನ ತಮ್ಮ, ನನ್ನ ಮಾಮಾ, ಆ ಊರಿನ ಅಂಚಿನ ಚಿಕಲಠಾಣಾದ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಅವರ ಮನೆಯಲ್ಲೇ ಉಳಿದೆ. ಊಟದ ಹೊತ್ತಿಗೆ ಕರಾರುಪತ್ರ ಎಲ್ಲರ ಕೈಗೂ ಹೋಗಿ ಬಂತು. “ಮರಾಠಿಯೊಳಗ ಇದ್ದಿದ್ರ ತಪ್ಪು ಹುಡುಕಿ ಕೊಡತಿದ್ದೆ ನೋಡು,” ಎಂದರು ಮಾಮಾ. ಮಾಮಿಯ ಚಿಂತೆ ಬೇರೆಯೇ ಇತ್ತು. “ಅಲ್ಲಿ ಮೂರು ಹೊತ್ತೂ ಅನ್ನ ಅಂತ. ಎರಡು ವರ್ಷ ದೂರ ಉಳೀತು, ಎರಡು ದಿನ ರೊಟ್ಟಿ ಇಲ್ದ ಇದ್ದು ತೋರಸು ಮೊದಲ.”

ನಿಜ ಹೇಳಬೇಕೆಂದರೆ, ಬಸ್ಸಿನಲ್ಲಿ ಬರುವಾಗಲೇ ಬೇಡವೆಂದು ತೀರ್ಮಾನಿಸಿದ್ದೆ. ಪರವಾನಗಿ ಕೊಡುವುದು ಅಲ್ಲಿಗೆ ಹೋದ ಮೇಲೆ ಎಂದು ಆ ಶಾಲೆಯವರು ಬರೆದದ್ದು ನನಗೆ ಹಿಡಿಸಿರಲಿಲ್ಲ. ಮಾದರಿ ಪಾಠ ಮಾಡಲು ಕುಳಿತದ್ದು ಒಪ್ಪಿಕೊಂಡ ತಪ್ಪಿಗೆ ಮಾತ್ರ.

ಮರುದಿನ ಬೆಳಿಗ್ಗೆ ಏಳಕ್ಕೆ ಪಾಠ. ಅಲ್ಲಿ ಆಗ ಎಂಟೂವರೆ. ಮಾಮಿ ತರಕಾರಿ ತರಲು ಹೋಗಿದ್ದರು. ಮಾಮಾ ಹಿಂದಿನ ಮೋರಿಯ ಹತ್ತಿರ ಗಡ್ಡ ಮಾಡಿಕೊಳ್ಳುತ್ತಿದ್ದರು. ನಾನು ನಡುಮನೆಯಲ್ಲಿ ಲ್ಯಾಪ್‌ಟಾಪ್ ತೆರೆದೆ. ಇಪ್ಪತ್ತರ ಹತ್ತಿರ ಮಕ್ಕಳು, ಎಂಟು ಒಂಬತ್ತು ವಯಸ್ಸಿನವರು. ಪಕ್ಕದಲ್ಲಿ ಅಲ್ಲಿನ ಸಂಯೋಜಕಿ, ನಗುಮುಖದ ಹೆಂಗಸು. ನಾನು ಚಿತ್ರದ ಕಾರ್ಡು ಹಿಡಿದು ಅಡುಗೆಮನೆಯ ವಸ್ತುಗಳ ಹೆಸರು ಹೇಳಿಸುತ್ತಿದ್ದೆ. ‘ರೆಫ್ರಿಜರೇಟರ್’ ಬಂದಾಗ ತರಗತಿಯೆಲ್ಲ ಮುಗ್ಗರಿಸಿತು. ಎರಡು ಸಲ ಹೇಳಿಸಿದೆ, ಆಗಲಿಲ್ಲ. ಕಾರ್ಡು ಬದಲಿಸಬೇಕೆನ್ನುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ತನ್ನ ನೋಟುಬುಕ್ಕಿನ ಮೇಲೆ ಅಂಗೈ ಬಡಿಯತೊಡಗಿದಳು. ರೆ. ಫ್ರಿ. ಜ. ರೇ. ಟರ್. ಐದು ಬಡಿತ. ಪ್ರತಿ ಬಡಿತಕ್ಕೂ ಎಡಗೈ ನೋಟುಬುಕ್ಕಿನ ಅಂಚು ಹಿಡಿದು ಸ್ವಲ್ಪ ತಿರುಗಿಸುತ್ತಿತ್ತು. ಆಮೇಲೆ ಒಂದು ಕ್ಷಣ ಸುಮ್ಮನಿದ್ದು ಎರಡೂ ಕೈ ತಟ್ಟಿ ಕೊಡವಿದಳು.

ನನಗೆ ಹೆದರಿಕೆಯಾಗಲಿಲ್ಲ. ದೇವರ ಮನೆಯ ಬಾಗಿಲು ಎದುರಿಗೇ ತೆರೆದಾಗ ಆಗುವಂಥದ್ದು ಏನೋ ಆಯಿತು. ಕಾರ್ಡು ಕೆಳಗಿಟ್ಟೆ. ಅಷ್ಟರಲ್ಲಿ ಬೆನ್ನ ಹಿಂದೆ ಮಾಮಾನ ದನಿ ಕೇಳಿತು. ಮುಖದ ಅರ್ಧಕ್ಕೆ ಇನ್ನೂ ಸೋಪಿನ ನೊರೆ.

“ನಿಮ್ಮ ಮಾಮಿ ಹೊರಗ ಹೋಗ್ಯಾಳ. ಮತ್ತ ರೊಟ್ಟಿ ಯಾರ ಬಡ್ಯಾಕತ್ತಾರ?”

ನಾನು ಪರದೆ ತೋರಿಸಿದೆ. ಹುಡುಗಿ ಇನ್ನೊಮ್ಮೆ ಬಡಿದು ತೋರಿಸಿದಳು. ಮಾಮಾ ಅಲ್ಲೇ ಗೋಡೆಗೊರಗಿ ನಿಂತರು. ಅವ್ವ ಅವರಿಗೆ ಮಗ್ಗಿ ಕಲಿಸಿದ್ದೂ ಹೀಗೆಯೇ. “ನಮ್ಮಕ್ಕನ ಕೈ ಅದು,” ಎಂದರು ಮೆಲ್ಲಗೆ.

ಇದನ್ನು ಯಾರು ಕಲಿಸಿದರು ಎಂದು ಹುಡುಗಿಯನ್ನು ಕೇಳಿದೆ. ಅವಳು ಕ್ಯಾಮೆರಾ ನೋಡುತ್ತ ಇಂಗ್ಲಿಷಿನಲ್ಲೇ, “ನೀವೇ, ಟೀಚರ್,” ಎಂದಳು. ಯಾವಾಗ ಎಂದು ಸಂಯೋಜಕಿ ಅವಳ ಭಾಷೆಯಲ್ಲಿ ಕೇಳಿ, ಉತ್ತರ ಕೇಳಿ ನಕ್ಕಳು. ಮಕ್ಕಳು ಏನಾದರೂ ಹೇಳುತ್ತವೆ ಎನ್ನುತ್ತ ನನಗೆ ತಿಳಿಸಿದಳು: ‘ನೀವು ಇಲ್ಲಿದ್ದಾಗ ಕಲಿಸಿದಿರಂತೆ, ನಿಮ್ಮ ಊರಿಗೆ ಹೋಗುವ ಮೊದಲು.’ ನಾನು ಆ ದೇಶವನ್ನು ನಕಾಶೆಯಲ್ಲಿ ಬಿಟ್ಟರೆ ನೋಡಿರಲಿಲ್ಲ. ಆ ಮಕ್ಕಳ ಹಿಂದಿನ ಇಂಗ್ಲಿಷ್ ಶಿಕ್ಷಕರು ಗಂಡಸು, ಬೇರೆ ದೇಶದವರು, ಹಾಡು ಹಾಡಿಸಿ ಕಲಿಸುತ್ತಿದ್ದರಂತೆ. ಹುಡುಗಿಯ ಹೆಸರು ಕೇಳಿದೆ. ಪ್ಲೋಯ್ ಎಂದಳು ಸಂಯೋಜಕಿ.

ಅರ್ಧ ಗಂಟೆಯೊಳಗೆ ಇದಿಷ್ಟನ್ನೂ ಬರೆದೆ. ಪುಟದಲ್ಲಿ ಬಡಿತ ಇದೆ, ಚಪ್ಪಾಳೆ ಇದೆ, ಹೆಸರಿದೆ, ಮಾಮಾನ ಮಾತಿದೆ. ಅವಳ ಜಡೆಯಲ್ಲಿ ಕೆಂಪು ರಿಬ್ಬನ್ ಇತ್ತೆಂದು ನನಗೆ ನೆನಪು, ಪುಟದಲ್ಲಿ ಅದಿಲ್ಲ. ಮಾಮಾ ಈಗ ಹೇಳುವಾಗ ಹುಡುಗಿ ತಮ್ಮನ್ನು ನೋಡಿ ನಕ್ಕಳೆನ್ನುತ್ತಾರೆ, ಅದೂ ಇಲ್ಲ. ಆ ಪಾಠವನ್ನು ಶಾಲೆಯವರು ರೆಕಾರ್ಡ್ ಮಾಡಿರಲಿಲ್ಲ.

ಆ ದಿನವೇ ಶಾಲೆಗೆ ಬರೆದೆ: ಪರವಾನಗಿ ಮೊದಲು ಕೊಟ್ಟರೆ ಮಾತ್ರ ಬರುತ್ತೇನೆ. ಅವರು ಒಪ್ಪಿದರು. ಕಾಗದಪತ್ರ ನೋಡಿಯೇ ನಿರ್ಧರಿಸಿದೆನೆಂದು ನಾಸಿಕದಲ್ಲಿ ಎಲ್ಲರಿಗೂ ಹೇಳಿದೆ. ಅದು ಪೂರ್ತಿ ನಿಜವಲ್ಲ.

ಮೂರು ತಿಂಗಳ ಮೇಲೆ ಆ ತರಗತಿಗೆ ಕಾಲಿಟ್ಟು ಮೊದಲು ಹುಡುಕಿದ್ದು ಪ್ಲೋಯ್‌ಳನ್ನು. ಅದೇ ಮುಖ. ಟಿ.ವಿ.ಯಲ್ಲಿ ಬಂದ ಟೀಚರ್ ಎಂದು ನನ್ನನ್ನು ಗುರುತಿಸಿದಳು. ‘ರೆಫ್ರಿಜರೇಟರ್’ ಹೇಳು ಎಂದೆ. ಮುಗ್ಗರಿಸಿದಳು. ನೋಟುಬುಕ್ಕಿನ ಮೇಲೆ ಬಡಿಯುವಂತೆ ಸನ್ನೆ ಮಾಡಿದೆ. ಏನೂ ಅರ್ಥವಾಗದೆ ನನ್ನ ಮುಖವನ್ನೇ ನೋಡಿದಳು. ಸಂಯೋಜಕಿಗೆ ಹುಡುಗಿ ‘ನೀವೇ’ ಎಂದದ್ದು ನೆನಪಿತ್ತು, ಬಡಿದದ್ದು ನೆನಪಿರಲಿಲ್ಲ.

ಆಗ ನಾನೊಂದು ನಿಶ್ಚಯ ಮಾಡಿದೆ: ಆ ಪದ್ಧತಿಯನ್ನು ಈ ಮಕ್ಕಳಿಗೆ ಎಂದೂ ಕಲಿಸುವುದಿಲ್ಲ. ಕಲಿಸಿದರೆ ಆ ದಿನದ ಮಾತನ್ನು ನಾನೇ ನಿಜ ಮಾಡಿದಂತಾಗುತ್ತದೆ, ಪರೀಕ್ಷೆ ಕೆಡುತ್ತದೆ ಎಂಬ ತರ್ಕ. ಹೆಚ್ಚುಕಡಿಮೆ ಎರಡು ವರ್ಷ ಹಾಗೇ ಇದ್ದೆ. ಪ್ಲೋಯ್ ಮಾತ್ರ ತರಗತಿಯಲ್ಲಿ ಹಿಂದೆಯೇ ಉಳಿದಳು. ದೊಡ್ಡ ಶಬ್ದ ಬಂದರೆ ಬಾಯಿ ಮುಚ್ಚಿಬಿಡುತ್ತಿದ್ದಳು. ನಾನು ಊರಿಗೆ ಹೊರಡಲು ಕೆಲವೇ ವಾರಗಳಿದ್ದಾಗ, ಪಾಲಕರ ಎದುರು ಓದಬೇಕಾದ ಒಂದು ಪುಟ ಹಿಡಿದು ಶಾಲೆ ಬಿಟ್ಟ ಮೇಲೆ ಒಬ್ಬಳೇ ಕುಳಿತು ಅಳುತ್ತಿದ್ದಳು. ಸಿಕ್ಕಿಬಿದ್ದಿದ್ದು ಅದೇ ಶಬ್ದದಲ್ಲಿ.

ಪಕ್ಕದಲ್ಲಿ ಕುಳಿತೆ. ಕಾರ್ಡು ಸಾಕೇ, ಚಿತ್ರ ಸಾಕೇ ಎಂದು ಒಂದೆರಡು ನಿಮಿಷ ನೋಡಿದೆ. ಆಮೇಲೆ ಪರೀಕ್ಷೆಯನ್ನು ಮರೆತು ಅವಳ ನೋಟುಬುಕ್ಕಿನ ಮೇಲೆ ಅಂಗೈ ಇಟ್ಟೆ. ರೆ. ಫ್ರಿ. ಜ. ರೇ. ಟರ್. ಕಾಲು ಗಂಟೆಯಲ್ಲಿ ಅವಳಿಗೆ ಬಂತು. ತಾನೇ ಬಡಿಯುತ್ತ, ನೋಟುಬುಕ್ಕು ತಿರುಗಿಸುತ್ತ ಪೂರ್ತಿ ಶಬ್ದ ಹೇಳಿದಳು. ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ಎರಡೂ ಅಂಗೈ ತಟ್ಟಿ, ಇಲ್ಲದ ಹಿಟ್ಟನ್ನು ಕೊಡವಿದಳು.

ಯಾರು ಕಲಿಸಿದರೆಂದು ಈಗ ಯಾರಾದರೂ ಕೇಳಿದರೆ ಅವಳ ಆ ದಿನದ ಉತ್ತರದಲ್ಲಿ ಒಂದಕ್ಷರವೂ ಸುಳ್ಳಿರುವುದಿಲ್ಲ.

ನಾಸಿಕಕ್ಕೆ ಮರಳಿ, ಬೇರೊಂದು ಶಾಲೆ ಸೇರಿ ಬಹಳ ಕಾಲವಾಯಿತು. ತರಗತಿಯಲ್ಲಿ ಈಗ ಅವ್ವನ ಬಡಿತ ಧಾರಾಳವಾಗಿ ಬಳಸುತ್ತೇನೆ. ಆ ಸಂಜೆಯ ಪುಟವನ್ನು ಎಷ್ಟೋ ಸಲ ತೆಗೆದು ನೋಡಿದ್ದೇನೆ. ಬಡಿತ ಕಲಿಸಿದೆ, ನೋಟುಬುಕ್ಕು ತಿರುಗಿಸುವುದನ್ನು ಅವಳ ಕೈ ಹಿಡಿದು ತೋರಿಸಿದೆ ಎಂದು ನನ್ನದೇ ಅಕ್ಷರದಲ್ಲಿದೆ. ಕೊನೆಯ ಆ ಚಪ್ಪಾಳೆಯನ್ನು ನಾನು ತೋರಿಸಿದ್ದೆನೋ ಇಲ್ಲವೋ, ಅದನ್ನು ಮಾತ್ರ ಬರೆದಿಲ್ಲ.