ಹಳದಿ ಚಹಾದ ಅಣ್ಣ

ಚಹಾದ ಲೋಟದ ಮೇಲೆ ಬಗ್ಗಿದಾಗ ಅಣ್ಣನ ಕನ್ನಡಕಕ್ಕೆ ಹಬೆ ಹಿಡಿಯುತ್ತಿತ್ತು. ಅವರು ಅದನ್ನು ಒರೆಸುತ್ತಿರಲಿಲ್ಲ. ಹಬೆ ತಾನಾಗಿ ಆರುವವರೆಗೆ ಹಾಗೆಯೇ ನಿಂತಿರುತ್ತಿದ್ದರು. ಅಷ್ಟರಲ್ಲಿ ಗಿರಾಕಿ ಬಂದರೆ ಆ ಬಿಳಿಯಾದ ಗಾಜುಗಳನ್ನೇ ಬಾಗಿಲ ಕಡೆ ತಿರುಗಿಸಿ "ಬನ್ನಿ, ಬನ್ನಿ" ಎನ್ನುತ್ತಿದ್ದರು.

ಕುವೈತಿನ ಮಿರ್ಕಾಬ್ ಪೇಟೆಯ ಆ ಚಹಾ ಅಂಗಡಿಯಲ್ಲಿ ಅವರು ಕೌಂಟರಿನವರು, ನಾನು ಹಿಂದಿನ ಗೋದಾಮಿನವನು. ಇಬ್ಬರೂ ಉಡುಪಿ ಕಡೆಯವರು. ಅಂಗಡಿ ನಮ್ಮ ಕಫೀಲರದು, ಅಂದರೆ ನಮ್ಮ ವೀಸಾಕ್ಕೆ ಜಾಮೀನು ನಿಂತ ಕುವೈತಿ ಯಜಮಾನರದು. ಯಾವ ಚಹಾ ತರಿಸಬೇಕೆಂದು ಹೇಳುವವರು ಮಾತ್ರ ಅಣ್ಣ. ನನಗಿಂತ ಹಿರಿಯರು, ಅಣ್ಣ ಎಂದೇ ಕರೆಯುತ್ತಿದ್ದೆ.

ಅಣ್ಣನ ಮನಸ್ಸೆಲ್ಲ ವರ್ಷಕ್ಕೊಮ್ಮೆ ಚೀನಾದಿಂದ ಬರುವ ಹಳದಿ ಚಹಾದ ಒಂದು ಸಣ್ಣ ಪೆಟ್ಟಿಗೆಯ ಮೇಲೆ. ಮೊದಲ ಸಲ ಅದನ್ನು ತೆರೆದಾಗ ನಾನು ಮೂಗು ಮುರಿದೆ.

"ಎಂತ ಅಣ್ಣ, ಗ್ರೀನ್ ಟೀ ಇಟ್ಟು ಇಟ್ಟು ಹಾಳಾದ್ದಾ ಇದು?"

"ಹಾಳಾದ್ದಲ್ಲ ಮಾರಾಯ, ಹಾಗೆ ಮಾಡಿದ್ದೇ."

ಕಪ್ಪು, ಹಸಿರು, ಹಳದಿ ಎಲ್ಲ ಒಂದೇ ಜಾತಿಯ ಗಿಡದ ಚಹಾ ಎಂದು ನನಗೆ ತಿಳಿದದ್ದು ಆಗಲೇ. ಕತ್ತರಿಸುತ್ತಾ ಬಂದರೆ ಸೊಂಟದೆತ್ತರದ ಪೊದೆ, ಬಿಟ್ಟರೆ ಮರ. ಹಳದಿ ಚಹಾಕ್ಕೆ ಇನ್ನೂ ಬಿಚ್ಚದ, ಬಿಳಿ ರೋಮವಿರುವ ಕುಡಿಯನ್ನು ಕಿತ್ತು, ಬಾಣಲೆಯಲ್ಲಿ ಬಾಡಿಸಿ, ಬಿಸಿ ಆರುವ ಮೊದಲೇ ಕಾಗದದಲ್ಲೋ ಬಟ್ಟೆಯಲ್ಲೋ ಸುತ್ತಿ ಇಡುತ್ತಾರಂತೆ. ಒಳಗಿನ ತೇವಕ್ಕೂ ಶಾಖಕ್ಕೂ ಅದು ಮೆಲ್ಲನೆ ಹಳದಿಗೆ ತಿರುಗುತ್ತದೆ, ಹುಲ್ಲಿನ ಒಗರು ಹೋಗುತ್ತದೆ. ಆಮೇಲೆ ಒಣಗಿಸುವುದು.

"ಊರಲ್ಲಿ ಬಾಳೆಗೊನೆ ಮುಚ್ಚಿ ಇಡುದಿಲ್ವಾ? ಅರ್ಜೆಂಟ್ ಮಾಡಿದ್ರೆ ಹಣ್ಣಾಗ್ತದಾ?" ಎಂದು ಅವರು ಕೇಳಿದ್ದರು.

ಕುದಿದ ನೀರನ್ನು ಸ್ವಲ್ಪ ಆರಲು ಬಿಟ್ಟು ಗಾಜಿನ ಲೋಟಕ್ಕೆ ಹೊಯ್ಯುತ್ತಿದ್ದರು. ಕುಡಿಗಳು ತೇಲಿ, ಆಮೇಲೆ ಒಂದೊಂದಾಗಿ ನೆಟ್ಟಗೆ ನಿಂತು ಕೆಳಗಿಳಿಯುತ್ತಿದ್ದವು. ಅಬು ಹಲೀಫಾದಿಂದ ಬರುತ್ತಿದ್ದ ಮಂಗಳೂರಿನ ನರ್ಸ್ ಒಬ್ಬರು ಲೋಟ ಎತ್ತಿ ನೋಡಿ, "ಬಿಸಿನೀರು ಒಳ್ಳೇದುಂಟು ಅಣ್ಣ, ಇನ್ನು ಸ್ವಲ್ಪ ಚಾ ಹಾಕಿ" ಎಂದಿದ್ದರು. ಅಣ್ಣನೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಕೊರೋನಾಕ್ಕೆ ಹಿಂದಿನ ವರ್ಷ ಕಫೀಲರು ಆ ಚಹಾದ ಒಂದು ಡಬ್ಬಿಯನ್ನು ತಮ್ಮ ದಿವಾನಿಯಾಕ್ಕೆ, ಅಂದರೆ ಗೆಳೆಯರು ಕೂಡುವ ಕೋಣೆಗೆ, ಒಯ್ದರು. ಅಲ್ಲಿ ಯಾರೋ ಇದು ಹಳಸಿದ ಹಸಿರು ಚಹಾ ಎಂದು ನಗಾಡಿದರಂತೆ. ಮರುದಿನ ಕಫೀಲರು ಡಬ್ಬಿ ಹಿಡಿದು ಬಂದಾಗ ಅಣ್ಣ ಬಂದರಿಗೆ ಮಾಲು ಬಿಡಿಸಲು ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬನೇ.

"ಪೆಟ್ಟಿಗೆ ತೆರೆದವನು ನೀನು. ಇದು ಹಳೆಯ ಮಾಲಾ?" ಎಂದು ಕೇಳಿದರು.

ಅದು ಆ ವರ್ಷದ ವಸಂತದ ಮಾಲು. ಬಂದ ದಿನ ಪೆಟ್ಟಿಗೆಗೆ ಮುಖವಿಟ್ಟು ಪರಿಮಳ ನೋಡಿದವನು ನಾನೇ. ಬಾಳೆಗೊನೆಯ ಮಾತೂ ನೆನಪಿತ್ತು. ಆದರೆ ಪೆಟ್ಟಿಗೆ ಎತ್ತಿ ಎತ್ತಿ ನನ್ನ ಮಂಡಿ ಸೋತಿತ್ತು, ಕೌಂಟರಿನ ಹಿಂದೆ ಒಂದು ಕುರ್ಚಿ ಇತ್ತು.

"ಅಲ್ಲಾಹು ಆಲಂ," ಎಂದೆ. ದೇವರಿಗೇ ಗೊತ್ತು ಎಂದು. ಇಲ್ಲಿ ಎಲ್ಲರೂ ದಿನವೂ ಆಡುವ ಮಾತು.

"ಖಲಾಸ್," ಎಂದರು ಕಫೀಲರು.

ಆ ವಾರದಿಂದ ನಾನು ಕೌಂಟರಿಗೆ, ಅಣ್ಣ ಗೋದಾಮಿಗೆ. ಹಳದಿ ಚಹಾ ತರಿಸುವುದು ನಿಂತಿತು. ಉಳಿದಿದ್ದ ಕೊನೆಯ ಹಿಡಿಯನ್ನು ಅಣ್ಣ ಒಂದು ಬೆಳಿಗ್ಗೆ ಲೋಟಕ್ಕೆ ಹಾಕಿದರು.

"ಕಫೀಲ್ ನಿನ್ನತ್ರ ಕೇಳಿದ್ರಂತೆ?"

"ಹೌದಣ್ಣ."

"ನೀನೆಂತ ಹೇಳಿದ್ದು?"

"ಎಂತ ಹೇಳ್ಲಿಲ್ಲ."

ಅವರು ಲೋಟದ ಮೇಲೆ ಬಗ್ಗಿದರು. ಕನ್ನಡಕಕ್ಕೆ ಹಬೆ ಹಿಡಿಯಿತು. ಹಾಗೇ ತಲೆ ಎತ್ತಿ ನನ್ನ ಕಡೆ ತಿರುಗಿದರು. ಹಬೆ ಆರುವವರೆಗೆ ನಾನು ಕಾಯಬೇಕಿತ್ತು. ಬೋಣಿ ಗಿರಾಕಿ ಬಂದನೆಂದು ಎದ್ದುಹೋದೆ. ಗಿರಾಕಿ ಯಾರೂ ಬಂದಿರಲಿಲ್ಲ.

"ಹೌದು, ನೀನೆಂತ ಹೇಳಿರ್ಲಿಕ್ಕಿಲ್ಲ," ಎಂದದ್ದು ಬೆನ್ನ ಹಿಂದೆ ಕೇಳಿಸಿತು.

ಚಳಿಗಾಲ ಬರುವಷ್ಟರಲ್ಲಿ ಅವರ ಸೊಂಟ ಹಿಡಿದುಕೊಂಡಿತು. ಅದೇ ನೆಪವಾಗಿ ಊರಿಗೆ ಹೋದರು. ಇಲ್ಲಿನವರು ಅವರನ್ನು ನೆನೆದಾಗಲೆಲ್ಲ "ಹಳೇ ಮಾಲು ಮಾರಿ ಸಿಕ್ಕಿಬಿದ್ದವರಲ್ವಾ?" ಎನ್ನುತ್ತಿದ್ದರು. ನಾನು ಅಲ್ಲ ಎನ್ನಲಿಲ್ಲ. ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ಅವರ ಭಾವನ ಫೋನಿನಿಂದ ತಿಳಿಯಿತು. ಆ ದಿನ ಕಫೀಲರ ಮುಂದೆ ನಿಂತು ಎಲ್ಲ ಹೇಳಿಬಿಟ್ಟೆ. ಅಣ್ಣ ಮೋಸ ಮಾಡಿದವರಲ್ಲ, ಆ ಚಹಾ ಹೊಸತೇ ಆಗಿತ್ತು, ನನಗೆ ಗೊತ್ತಿತ್ತು ಎಂದೆ.

"ಯಾವ ಚಹಾ?" ಎಂದು ಕಫೀಲರು ಕೇಳಿದರು.

ಈ ವಸಂತದಲ್ಲಿ ಹಳದಿ ಚಹಾದ ಒಂದು ಪೆಟ್ಟಿಗೆ ತರಿಸಿದ್ದೇನೆ. ಹಾಳಾದದ್ದೇ ಎಂದು ಕೇಳುವ ಪ್ರತಿ ಗಿರಾಕಿಗೂ ಅಲ್ಲ ಎಂದು ಹೇಳಿ, ಬಾಳೆಗೊನೆಯ ಮಾತನ್ನೂ ಹೇಳುತ್ತೇನೆ. ಬೆಳಿಗ್ಗೆ ನೀರು ಆರಲು ಬಿಟ್ಟು ಲೋಟಕ್ಕೆ ಹೊಯ್ದು ಬಗ್ಗುತ್ತೇನೆ. ನನಗೂ ಈಗ ಕನ್ನಡಕ ಬಂದಿದೆ. ಹಬೆ ಹಿಡಿದ ಕೂಡಲೇ ಅದನ್ನು ತೆಗೆದು ಒರೆಸಿಕೊಳ್ಳುತ್ತೇನೆ.