ತಪ್ಪಿಲ್ಲದ ಏಳು ವಾಕ್ಯ

ನಮ್ಮ ಮನೆತನದಲ್ಲಿ ಸಮುದ್ರ ದಾಟಿದವರು ಯಾರೂ ಇರಲಿಲ್ಲ. ದಾಟಿದರೆ ಜಾತಿ ಹೋಗುತ್ತದೆ ಎಂಬ ಹೆದರಿಕೆ ಒಂದು ಕಡೆ, ದಾಟಲಿಕ್ಕೆ ರೊಕ್ಕವೇ ಇಲ್ಲದ್ದು ಇನ್ನೊಂದು ಕಡೆ. ನಾನು ಹೋಗಿ ಬಂದ ಪರದೇಶ ಧಾರವಾಡದಿಂದ ರೈಲಿನಲ್ಲಿ ಒಂದು ತಾಸಿನೊಳಗಿನ ದಾರಿ. ಹುಬ್ಬಳ್ಳಿಯ ಅಂಚಿನಲ್ಲಿ, ತಂತಿಬೇಲಿಯ ಒಳಗೆ ಇತ್ತು. ಅಲ್ಲಿಗೆ ಹೋಗಲಿಕ್ಕೂ ಪಾಸು ಬೇಕು. ಬಾಗಿಲಲ್ಲಿದ್ದ ಪೊಲೀಸ ಪಾಸು ನೋಡಿ, ನನ್ನ ಮುಖ ನೋಡಿ, ಮತ್ತೊಮ್ಮೆ ಪಾಸು ನೋಡಿ ಒಳಗೆ ಬಿಡುತ್ತಿದ್ದ.

ಇದು ಎರಡನೆಯ ದೊಡ್ಡ ಯುದ್ಧಕ್ಕಿಂತ ಕೆಲವು ವರ್ಷ ಮೊದಲಿನ ಮಾತು. ಬೇಲಿಯೊಳಗೆ ಇದ್ದವರು ಏನೋ ಅಪರಾಧ ಮಾಡಿ ಬಂದವರಲ್ಲ. ಕೆಲವು ಅಲೆಮಾರಿ ಜಾತಿಗಳವರನ್ನು ಆಗಿನ ಸರಕಾರ ಹುಟ್ಟಿನಿಂದಲೇ ಕಳ್ಳರೆಂದು ದಫ್ತರದಲ್ಲಿ ಬರೆದುಕೊಂಡು, ಹೆಂಡಿರು ಮಕ್ಕಳ ಸಮೇತ ಒಂದೆಡೆ ಕೂಡಿಹಾಕಿತ್ತು. ಗಂಡಸರು ಹಗಲು ಗಿರಣಿಯಲ್ಲಿ ದುಡಿಯಬೇಕು, ಘಂಟೆ ಹೊಡೆದಾಗ ಸಾಲಾಗಿ ನಿಂತು ಹಾಜರಿ ಕೊಡಬೇಕು. ಪಾಸಿಲ್ಲದೆ ಬೇಲಿ ದಾಟಿದರೆ ಜೈಲು. ಊರವರು ಅದನ್ನು ಕ್ಯಾಂಪು ಎನ್ನುತ್ತಿದ್ದರು.

ಮಹಿಳಾ ಸಮಾಜದ ಕೂಟದಲ್ಲಿ ಅಧ್ಯಕ್ಷೆಬಾಯಿಯವರು, “ಕ್ಯಾಂಪಿನ ಹುಡುಗರಿಗೆ ವಾರಕ್ಕೊಮ್ಮೆ ಇಂಗ್ಲೀಷು ಹೇಳಿಕೊಡಲಿಕ್ಕೆ ಯಾರರೆ ಹೋಗ್ತೀರೇನು?” ಎಂದು ಕೇಳಿದಾಗ, ನೆರೆದವರೆಲ್ಲ ತಮ್ಮ ತಮ್ಮ ಬಳೆ ತಿರುವುತ್ತ ಕುಳಿತರು. ನಾನು ಕೈ ಎತ್ತಿದೆ. ದಯೆಯಿಂದ ಎತ್ತಿದೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಅದು ಪೂರ್ತಿ ಖರೆಯಲ್ಲ.

ನಾನು ಮ್ಯಾಟ್ರಿಕ್ ಪಾಸಾದವಳು, ಎರಡು ವರ್ಷ ಕಾಲೇಜಿಗೂ ಹೋದವಳು. ಅಪ್ಪ ಹೈಸ್ಕೂಲಿನಲ್ಲಿ ಇಂಗ್ಲೀಷು ಮಾಸ್ತರರು. ನನ್ನನ್ನು ನೋಡಲು ಬಂದ ಗಂಡಿನ ಕಾಕಾ ಒಬ್ಬರು ಕಿಸೆಯಿಂದ ಇಂಗ್ಲೀಷು ಪತ್ರಿಕೆ ತೆಗೆದು ಕೊಟ್ಟು ಓದಲು ಹೇಳಿದರು. ಒಂದೂ ಕಡೆ ತಡವರಿಸದೆ ಓದಿದೆ. ಅವರು ಅವಲಕ್ಕಿ ಮೆಲ್ಲುತ್ತ ಅಪ್ಪನಿಗೆ, “ಛಲೋ ಬಾಯಿಪಾಠ ಮಾಡಿಸೀರಿ ಮಾಸ್ತರ” ಅಂದರು. ಅವತ್ತಿನ ಬೆಳಗಿನ ಪತ್ರಿಕೆಯನ್ನು ಯಾರು, ಯಾವಾಗ ಬಾಯಿಪಾಠ ಮಾಡಿಸುತ್ತಾರೆ ಎಂದು ಕೇಳಬೇಕೆನಿಸಿತು. ಹೆಣ್ಣು ನೋಡುವ ಹೊತ್ತಿನಲ್ಲಿ ಹೆಣ್ಣು ಏನನ್ನೂ ಕೇಳುವ ಹಾಗಿಲ್ಲ. ಆ ಸಿಟ್ಟು ಹೊಟ್ಟೆಯಲ್ಲಿ ಹಾಗೇ ಕುಳಿತಿತ್ತು. ನನ್ನ ಇಂಗ್ಲೀಷು ಎಲ್ಲಿಯಾದರೂ ಉಪಯೋಗಕ್ಕೆ ಬರಬೇಕಿತ್ತು, ಯಾರ ಕಣ್ಣಿಗಾದರೂ ಬೀಳಬೇಕಿತ್ತು. ಕೈ ಎತ್ತಿದ್ದು ಅದಕ್ಕೆ.

ಅವ್ವನ ಕರಾರು ಎರಡು. ಅಪ್ಪನ ಅಕ್ಕ, ನಮ್ಮ ಅತ್ಯಾ, ನನ್ನ ಜೊತೆಗೆ ಬರಬೇಕು. ತಿರುಗಿ ಬಂದ ಮೇಲೆ ಹಿತ್ತಲ ಬಾಗಿಲಿನಿಂದ ಬಂದು, ಸ್ನಾನ ಮಾಡಿಯೇ ಒಳಗೆ ಕಾಲಿಡಬೇಕು. ನಾನು ಎರಡಕ್ಕೂ ಒಪ್ಪಿದೆ. ಒಪ್ಪಿದ್ದಕ್ಕೆ ಈಗ ನಾಚಿಕೆಯಾಗುತ್ತದೆ; ಆಗ ಅದು ನಾಚಿಕೆಯ ಸಂಗತಿಯೆಂದೇ ಗೊತ್ತಿರಲಿಲ್ಲ.

ಹೀಗೆ ರವಿವಾರಕ್ಕೊಮ್ಮೆ ನಾವಿಬ್ಬರೂ ರೈಲು ಹತ್ತಿದೆವು. ಹುಬ್ಬಳ್ಳಿ ಸ್ಟೇಶನ್ನಿನಿಂದ ಟಾಂಗಾ. ನಾನು ತಗಡಿನ ಚಾವಣಿಯ ಸಾಲೆಯೊಳಗೆ ಹೋದರೆ, ಅತ್ಯಾ ಹೊರಗೆ ಬೇವಿನ ಕೆಳಗೆ ಕುಳಿತು ದೇವರ ಮುಂದಿನ ಬತ್ತಿ ಹೊಸೆಯುತ್ತಿದ್ದಳು. ಮಕ್ಕಳು ಹದಿನೆಂಟು ಇದ್ದರು. ಮೊದಲ ದಿನ ಮಾಸ್ತರರ ಗತ್ತಿನಲ್ಲಿ ಹಾಜರಿ ಪುಸ್ತಕ ತೆರೆದು ಒಂದು ಹೆಸರು ಕೂಗಿದೆ, ಅಷ್ಟೆ. ಹದಿನೆಂಟು ಮಂದಿಯೂ ಸರ್ರನೆ ಎದ್ದು ಗೋಡೆಗುಂಟ ಸಾಲು ಹಿಡಿದು, ಎರಡೂ ಕೈ ಮುಂದೆ ಚಾಚಿ, ತಲೆ ಬಗ್ಗಿಸಿ ನಿಂತುಬಿಟ್ಟರು. ಎಲ್ಲರಿಗಿಂತ ಸಣ್ಣದು ಐದು ವರ್ಷದ್ದು. ಅಂದಿನಿಂದ ನಾನು ಹಾಜರಿ ಪುಸ್ತಕ ಮುಟ್ಟಲಿಲ್ಲ. ಅಷ್ಟರಮಟ್ಟಿಗೆ ಬುದ್ಧಿ ಇತ್ತು.

ಅವರಲ್ಲಿ ಒಬ್ಬಳು ಹನ್ನೆರಡರ ಹುಡುಗಿ. ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಕೇಳುತ್ತಿರಲಿಲ್ಲ. ಆರು ತಿಂಗಳಲ್ಲಿ ಅವಳು ಕಲಿತಷ್ಟನ್ನು ನಾನು ಎರಡು ವರ್ಷದಲ್ಲಿ ಕಲಿತಿರಲಿಲ್ಲ. ಈ ಮಾತನ್ನು ಆಗ ಯಾರ ಎದುರೂ ಒಪ್ಪಿಕೊಂಡಿಲ್ಲ, ಈಗ ಒಪ್ಪಿಕೊಳ್ಳುತ್ತೇನೆ. ಅವಳ ಅಪ್ಪ ಗಿರಣಿಯಲ್ಲಿ ಹತ್ತಿಯ ಅಂಡಿಗೆ ಹೊರುತ್ತಿದ್ದ. ಅವನಿಗೆ ರವಿವಾರ ಸೂಟಿ. ಸಾಲೆಯ ಕಿಡಕಿಯ ಹೊರಗೆ ನಿಂತು ಮಗಳು ಓದುವುದನ್ನು ಕೇಳುತ್ತಿದ್ದ. ಒಂದು ದಿನ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ನನ್ನನ್ನು ಕೇಳಿದ:

“ಅಕ್ಕಾರ, ಇಂಗ್ಲೀಷ್ ಕಲತ್ರ ಇಕಿನ್ನ ಬೇಲಿ ಹೊರಗ ಬಿಡ್ತಾರೇನ್ರಿ?”

“ಯಾಕ ಬಿಡಂಗಿಲ್ಲ? ದವಾಖಾನಿಯೊಳಗ ನರ್ಸ್ ಆಗಬಹುದು. ಸಾಲಿಯೊಳಗ ಕಲಿಸಬಹುದು. ನಾನ ಮ್ಯಾನೇಜರ ಸಾಹೇಬರಿಗೆ ಹೇಳ್ತೀನಿ.”

“ಹಂಗಾರ ಕಲಸ್ರಿ. ನಂದಂತೂ ಇಲ್ಲೇ ಮುಗೀತೈತಿ. ಇಕಿದೊಂದು ಹೊರಗ ಬೀಳಲಿ.”

ಇಷ್ಟು ದೊಡ್ಡ ಮಾತನ್ನು ನಾನು ಎಷ್ಟು ಸಲೀಸಾಗಿ ಕೊಟ್ಟೆ! ಕ್ಯಾಂಪು ನೋಡಿಕೊಳ್ಳುವ ಮ್ಯಾನೇಜರರ ಹತ್ತಿರ ಆ ವಿಷಯ ತೆಗೆದೇ ಇರಲಿಲ್ಲ. ಆದರೆ ಅಂದಿನಿಂದ ಆ ಹುಡುಗಿಯನ್ನು ಹೊರಗೆ ತರುವುದು ನನ್ನ ಹಟವಾಯಿತು. ಇನ್ನು ಕೆಲವೇ ವರ್ಷಕ್ಕೆ ಅವಳ ಬೆರಳಚ್ಚನ್ನೂ ಒತ್ತಿಸಿಕೊಂಡು ಅವಳನ್ನೂ ಕಳ್ಳರ ಪಟ್ಟಿಯಲ್ಲಿ ಸೇರಿಸುತ್ತಾರೆ ಎಂದು ತಿಳಿದಿತ್ತು. ಅದರೊಳಗೆ ಆಗಬೇಕು.

ಪಾಟಿಯ ಮೇಲೆ ಬರೆದದ್ದು ಅಳಿಸಿ ಹೋಗುತ್ತದೆಂದು ನಾನು ಮಕ್ಕಳಿಗೆ ಪುಸ್ತಕ ಮಾಡಿಸಿದೆ. ಅಪ್ಪನ ಶಾಲೆಯ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಉಳಿದ ಬಿಳಿ ಹಾಳೆಗಳನ್ನು ಕಿತ್ತು, ಅತ್ಯಾ ಸೂಜಿ ದಾರದಿಂದ ಹೊಲಿದು ಕೊಟ್ಟಳು. ಮಕ್ಕಳು ಮೊದಮೊದಲು ಬರೆದದ್ದೆಲ್ಲ ಪಾಠದ ಪುಸ್ತಕದ್ದೇ. ಆಕಳು ಸಾಧು ಪ್ರಾಣಿ, ಆಕಳಿಗೆ ನಾಲ್ಕು ಕಾಲು. ನನಗೆ ಬೇಸರ ಬಂತು.

“ಆಕಳ ಸಾಕವಾ,” ಅಂದೆ. “ಹೋದ ವಾರ ನಿಮ್ಮ ಮನಿಯೊಳಗ ಏನಾತು, ಅದನ್ನ ಬರೀರಿ. ಖರೇ ಆದದ್ದನ್ನ ಬರೀರಿ.”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಆ ಹುಡುಗಿ ಕೇಳಿದಳು: “ಇದನ್ನ ಯಾರ್ ಓದ್ತಾರ್ರಿ?”

“ನಾ ಒಬ್ಬಾಕಿನ ಓದ್ತೀನಿ. ಮತ್ತ ಯಾರೂ ಇಲ್ಲ.”

ಅವಳು ಏಳು ವಾಕ್ಯ ಬರೆದಳು. ಇಂಗ್ಲೀಷಿನಲ್ಲಿ ಬರೆದದ್ದನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ. ಇಷ್ಟು ವರ್ಷವಾದರೂ ಒಂದಕ್ಷರ ಮರೆತಿಲ್ಲ. ನನ್ನ ಅಕ್ಕನಿಗೆ ಗಂಡು ಮಗು ಹುಟ್ಟಿತು. ಅಕ್ಕನ ಊರು ನಾಲ್ಕು ಮೈಲು ದೂರ ಇದೆ. ನನ್ನ ಅಪ್ಪ ತಂತಿಯ ಕೆಳಗೆ ತೂರಿ ಹೋದನು. ಅವನು ಮಗುವನ್ನು ನೋಡಿದನು. ಮಗುವಿಗೆ ಅಪ್ಪನ ಮೂಗು ಇದೆ. ಅಪ್ಪ ಘಂಟೆ ಹೊಡೆಯುವ ಮೊದಲು ತಿರುಗಿ ಬಂದನು. ನಾವೆಲ್ಲರೂ ಬಹಳ ನಕ್ಕೆವು.

ನಾನು ಕೈಯಲ್ಲಿ ಕೆಂಪು ಶಾಯಿಯ ಟಾಕು ಹಿಡಿದು ತಪ್ಪು ಹುಡುಕುತ್ತ ಓದಿದೆ. ಒಂದೂ ತಪ್ಪು ಸಿಗಲಿಲ್ಲ. ಸಂತೋಷದಿಂದ ಮೈಮೇಲೆ ಮುಳ್ಳೆದ್ದವು. ಮೂಗಿನ ವಾಕ್ಯಕ್ಕೆ ನಕ್ಕೆ ಕೂಡ. ಅದರಲ್ಲಿ ಬೇರೆ ಏನಾದರೂ ಇದೆಯೆಂದು ನನಗೆ ಹೊಳೆಯಲೇ ಇಲ್ಲ. ಮಗಳ ಮನೆಗೆ ಹೋಗಿ ಮೊಮ್ಮಗನ ಮುಖ ನೋಡಿ ಬರುವುದು ನಮ್ಮ ಓಣಿಯಲ್ಲಿ ಯಾರೂ ಮುಚ್ಚಿಡುವ ಸಂಗತಿಯಲ್ಲ. ನಮ್ಮಲ್ಲಾದರೆ ಸಕ್ಕರೆ ಹಂಚುತ್ತಾರೆ.

ಆ ಬುಧವಾರ ಸಾಲೆ ತಪಾಸಣೆಗೆ ಪುಣೆಯ ಕಡೆಯ ಇನ್ಸ್‌ಪೆಕ್ಟರ ಸಾಹೇಬರು ಬರುತ್ತಾರೆ, ನೀವೂ ಬರಬೇಕು ಎಂದು ಮ್ಯಾನೇಜರರು ಚೀಟಿ ಕಳಿಸಿದರು. ತಪಾಸಣೆಯೆಂದರೆ ನಮ್ಮ ಕಡೆಯ ಸಾಲೆಗಳಲ್ಲಿ ಹೆಣ್ಣು ನೋಡಲು ಬಂದ ಹಾಗೆಯೇ. ನೆಲ ಸಾರಿಸುವುದು, ಜಾಣ ಹುಡುಗರನ್ನು ಮುಂದೆ ಕೂಡಿಸುವುದು, ದಡ್ಡರಿಗೆ ಅಂದು ಜ್ವರ ಬರಿಸುವುದು. ಅಪ್ಪ ತನ್ನ ಸಾಲೆಯಲ್ಲಿ ಮಾಡುತ್ತಿದ್ದುದನ್ನೆಲ್ಲ ನೋಡಿ ಬೆಳೆದವಳು ನಾನು, ಎಲ್ಲವನ್ನೂ ಮಾಡಿದೆ.

ಇನ್ಸ್‌ಪೆಕ್ಟರರು ಸಭ್ಯರು, ಮೆಲ್ಲಗೆ ಮಾತಾಡುವವರು. ಮಕ್ಕಳು ಪದ್ಯ ಅಂದರು, ಆಕಳ ವಿಷಯ ಅಂದರು. ಅವರು ನನ್ನ ಕಡೆ ತಿರುಗಿ ಇಂಗ್ಲೀಷಿನಲ್ಲಿ, “ಚೆನ್ನಾಗಿದೆ. ಆದರೆ ಎಲ್ಲ ಗಿಳಿಪಾಠ, ಅಲ್ಲವೇ? ಇಂಥ ಮಕ್ಕಳಿಂದ ಅದಕ್ಕಿಂತ ಹೆಚ್ಚಿನದನ್ನು ಯಾರೂ ನಿರೀಕ್ಷಿಸುವುದಿಲ್ಲ” ಅಂದರು.

ಅವಲಕ್ಕಿ ಮೆಲ್ಲುತ್ತಿದ್ದ ಆ ಕಾಕಾನ ಬಾಯೇ ನನ್ನೆದುರು ಬಂದು ನಿಂತಂತಾಯಿತು. ಸಿಟ್ಟು ನೆತ್ತಿಗೇರಿತು. ಪುಸ್ತಕಗಳ ಗಂಟಿನಿಂದ ಆ ಹುಡುಗಿಯದನ್ನು ಎಳೆದು, ಏಳು ವಾಕ್ಯದ ಪುಟ ತೆರೆದು, ಅವರ ಕೈಯಲ್ಲಿ ಇಟ್ಟೆ. ಹಿಂದಿನಿಂದ ಹುಡುಗಿ ಎದ್ದು ನಿಂತು “ಅಕ್ಕಾರ...” ಅಂದಳು. ತಾನೇ ಓದಿ ತೋರಿಸುತ್ತೇನೆ ಅನ್ನುತ್ತಾಳೆಂದು ತಿಳಿದು, ಕೂಡ್ರು ಎಂದು ಕೈಸನ್ನೆ ಮಾಡಿದೆ.

ಅವರು ಓದಿದರು. ಹುಬ್ಬು ಏರಿದವು. “ಇದು ಅವಳದೇ? ನೀವು ಹೇಳಿ ಬರೆಸಿದ್ದಲ್ಲವೇ?”

“ಅವಳದೇ,” ಅಂದೆ. “ಒಂದು ಶಬ್ದವನ್ನೂ ನಾನು ಹೇಳಿಕೊಟ್ಟಿಲ್ಲ. ನಿಜವಾಗಿ ನಡೆದದ್ದನ್ನೇ ತಾನೇ ಬರೆದಿದ್ದಾಳೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇನ್ಸ್‌ಪೆಕ್ಟರರು ಸಣ್ಣಗೆ ನಕ್ಕು, “ಹಾಗಾದರೆ ಇದು ನನ್ನ ಖಾತೆಗೆ ಬರುವುದಲ್ಲ” ಎಂದು ಪುಸ್ತಕವನ್ನು ಮ್ಯಾನೇಜರರ ಕೈಗೆ ದಾಟಿಸಿದರು. ಮ್ಯಾನೇಜರರು ಓದಿ ಅದನ್ನು ತಮ್ಮ ಕೈಚೀಲದಲ್ಲಿ ಇಟ್ಟುಕೊಂಡರು. ಕಚೇರಿಯಲ್ಲಿ ಬಂದವರಿಗೆಲ್ಲ ತೋರಿಸಲಿಕ್ಕೆ ಇಟ್ಟುಕೊಂಡರು ಎಂದು ನಾನು ಹಿಗ್ಗಿದೆ. ಸ್ಟೇಶನ್ನಿಗೆ ಹೋಗುವಾಗ ಅತ್ಯಾಗೆ ಟಾಂಗಾದವನ ಜೊತೆ ಚೌಕಾಸಿ ಮಾಡಲಿಕ್ಕೂ ಬಿಡಲಿಲ್ಲ.

ರವಿವಾರ ಹೋದಾಗ ಕಿಡಕಿಯ ಹೊರಗೆ ಹುಡುಗಿಯ ಅಪ್ಪ ಇರಲಿಲ್ಲ. ಹುಡುಗಿಯೂ ಬಂದಿರಲಿಲ್ಲ. “ಅಕಿ ಅಪ್ಪನ್ನ ಬೇಸ್ತವಾರ ಹಿಡಕೊಂಡು ಹೋದ್ರು,” ಅಂದಿತು ಒಂದು ಮಗು, ಪಾಟಿಯಿಂದ ಕಣ್ಣೆತ್ತದೆ. ಯಾಕೆ ಎಂದು ನಾನು ಕೇಳಿದೆ. ಕೇಳುತ್ತಿದ್ದ ಹಾಗೆಯೇ ಏಳು ವಾಕ್ಯವೂ ನನಗೆ ಒಮ್ಮೆಗೇ ಅರ್ಥವಾದವು.

ಓಡಿ ಕಚೇರಿಗೆ ಹೋದೆ. ಮ್ಯಾನೇಜರರು ಕೆಟ್ಟವರಲ್ಲ. ಕುರ್ಚಿ ತರಿಸಿದರು.

“ಅದನ್ನ ನಾನ ಹೇಳಿ ಬರಸಿದ್ದು,” ಅಂದೆ. “ಸುಮ್ಮನ ಕಲ್ಪನಾ. ಅವ ಎಲ್ಲಿಗೂ ಹೋಗಿಲ್ಲ.”

“ಬಾಯಾರ, ದೊಡ್ಡ ಸಾಹೇಬರ ಮುಂದ ನಿಂತು ಖರೇ ಆದದ್ದು ಅಂತ ನೀವ ಹೇಳೀರಿ. ನಾ ಅಲ್ಲೇ ಇದ್ದೆ. ಅವರು ನೋಡದಿದ್ರ ನಾ ಕಣ್ಣು ಮುಚ್ಚಿಕೋತಿದ್ದೆ. ಈಗ ಕಾಗದ ಮ್ಯಾಲಕ ಹೋಗೇದ.”

“ಮೊಮ್ಮಗನ್ನ ನೋಡಲಿಕ್ಕ ಹೋಗಿದ್ದು ಅಂವ.”

“ಅರ್ಜಿ ಕೊಟ್ಟಿದ್ರ ಪಾಸ್ ಸಿಗ್ತಿತ್ತಲ್ರಿ.”

“ಯಾವಾಗ ಸಿಗ್ತಿತ್ತು?”

ಅವರು ಸ್ವಲ್ಪ ಯೋಚಿಸಿ, “ಎಂಟು ಹತ್ತು ದಿನ ಹಿಡೀತದ,” ಅಂದರು. ಆಮೇಲೆ ಅವರೇ, ಹುಡುಗಿಯನ್ನು ಹೊರಗಿನ ಸಾಲೆಗೆ ಕಳಿಸುವ ಮಾತು ಇದ್ದರೆ ಇನ್ನು ಬಿಡಬೇಕು, ಅಪ್ಪ ಸಜಾ ಆದವನೆಂದರೆ ಯಾವ ವಸತಿ ಸಾಲೆಯವರೂ ಸೇರಿಸಿಕೊಳ್ಳುವುದಿಲ್ಲ ಎಂದೂ ಹೇಳಿದರು. ಅವರಿಗೆ ಅದು ಹೇಗೆ ಗೊತ್ತಾಯಿತೆಂದು ಕೇಳಿದೆ. ತಿಂಗಳ ಹಿಂದೆ ಹುಡುಗಿಯ ಅಪ್ಪನೇ ಬಂದು ಕೈಮುಗಿದು ಕೇಳಿದ್ದನಂತೆ.

ರೈಲಿನಲ್ಲಿ ಅತ್ಯಾ ಎಲ್ಲವನ್ನೂ ಕೇಳಿ, “ಓದಿ ಓದಿ ಮರುಳಾದ ಕೂಚಂಭಟ್ಟ ಅಂತಾರಲ್ಲ, ನಿನ್ನಂಥಾಕಿನ್ನ ನೋಡೇ ಅಂದಿರಬೇಕು” ಅಂದಳು. ಬಯ್ದದ್ದು ಒಳ್ಳೆಯದೇ ಆಯಿತು. ಸಮಾಧಾನ ಮಾಡಿದ್ದರೆ ನಾನು ತಡೆದುಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಅಪ್ಪ, “ಅವರಿಗೆ ನೀ ಮಾಡಿದ ಉಪಕಾರ ಇಷ್ಟಕ್ಕ ಸಾಕು” ಅಂದರು. ಅವತ್ತು ನಾನು ಹಿತ್ತಲ ಬಾಗಿಲಿನಿಂದ ಹೋಗಲಿಲ್ಲ. ಮುಂಬಾಗಿಲಿನಿಂದಲೇ ನಡುಮನೆಗೆ ಹೋಗಿ ಕುಳಿತೆ. ಅದರಿಂದ ಕ್ಯಾಂಪಿನಲ್ಲಿ ಯಾರಿಗೆ ಏನು ಲಾಭವಾಯಿತು?

ಮುಂದಿನ ರವಿವಾರ ಜಗಳ ಮಾಡಿ ಹೋದೆ. ಅಷ್ಟರಲ್ಲಿ ಹುಡುಗಿಯ ಅಪ್ಪನಿಗೆ ಮೂರು ತಿಂಗಳ ಸಜಾ ಆಗಿತ್ತು. ಹುಡುಗಿ ಬಂದಿದ್ದಳು, ತನ್ನ ಜಾಗದಲ್ಲೇ ಕುಳಿತಿದ್ದಳು. ಬಯ್ಯುತ್ತಾಳೆಂದು ಎಣಿಸಿದ್ದೆ, ಅಳುತ್ತಾಳೆಂದು ಎಣಿಸಿದ್ದೆ. ಅವಳು ಎರಡೂ ಮಾಡಲಿಲ್ಲ. ನಾನು ಅವಳ ಎದುರು ನೆಲದ ಮೇಲೆ ಕುಳಿತು, “ನನ್ನಿಂದ ದೊಡ್ಡ ತಪ್ಪಾತವಾ” ಅಂದೆ.

“ಇರ್ಲಿ ಬಿಡ್ರಿ ಅಕ್ಕಾರ,” ಅಂದಳು, ಮುಪ್ಪಿನವರ ಹಾಗೆ. “ಇವತ್ತ ಏನ್ ಬರೀಬೇಕ್ರಿ?”

ಬೇಕಾದ್ದು ಬರೀರಿ ಅಂದೆ. ಹದಿನೆಂಟು ತಲೆಗಳು ಬಗ್ಗಿದವು. ಯಾರೂ ಪಕ್ಕದವರದನ್ನು ನೋಡಲಿಲ್ಲ, ಯಾರೂ ಪಿಸುಗುಟ್ಟಲಿಲ್ಲ. ಒಬ್ಬೊಬ್ಬರೇ ತಂದು ಕೊಟ್ಟರು. ಎಲ್ಲದರಲ್ಲೂ ಒಂದೇ ಮಾತು. ನನ್ನ ಅಪ್ಪ ಮನೆಯಲ್ಲಿ ಇದ್ದಾನೆ. ನನ್ನ ಅವ್ವ ಮನೆಯಲ್ಲಿ ಇದ್ದಾಳೆ. ನಾವು ಎಲ್ಲಿಗೂ ಹೋಗುವುದಿಲ್ಲ. ಅವರಿಗೆ ಇದನ್ನು ಯಾರು ಹೇಳಿಕೊಟ್ಟರೋ, ಮನೆಗಳಲ್ಲಿ ಕೂಡಿ ಕಲಿಸಿದರೋ ತಿಳಿಯದು. ನಾನಂತೂ ಕಲಿಸಿರಲಿಲ್ಲ.

ಕೊನೆಗೆ ಅವಳು ಬಂದಳು. ಪುಸ್ತಕ ಕಚೇರಿಯಲ್ಲೇ ಉಳಿದಿತ್ತು. ಪಾಟಿಯ ಮೇಲೆ ಬರೆದಿದ್ದಳು. ಹಿಂದಿಗಿಂತ ದುಂಡಗೆ ಬರೆದಿದ್ದಳು. ನನ್ನ ಅಪ್ಪ ಮನೆಯಲ್ಲಿ ಇದ್ದಾನೆ.

ನಾನು ಪಾಟಿ ಕೈಗೆ ತೆಗೆದುಕೊಂಡು ಓದಿದೆ. ಅವಳು ಕಾಯುತ್ತ ನಿಂತಿದ್ದಳು.

“ಸರಿ ಐತೇನ್ರಿ ಅಕ್ಕಾರ?” ಎಂದು ಕೇಳಿದಳು.

“ಸರಿ ಅದ,” ಅಂದೆ.